ಉಸಿರಿನ ಜೊತೆ ಬಡಿಯುವ ಎದೆ

ಗೀಟುಗಳು ಹತ್ತಿರ ಹತ್ತಿರ ಬಂದವು, ಈಗ ದೂರ, ಮತ್ತೆ ಹತ್ತಿರ — ಇಸಿಜಿ ಯಂತ್ರದಿಂದ ಕಾಗದ ಜಾರುತ್ತಲೇ ಇದೆ, ಹೊರಗೆ ಬೆಂಜ್ ಸರ್ಕಲ್ಲಿನ ಗಾಡಿಗಳ ಹಾರನ್ ಸದ್ದು, ಮೇಜಿನ ಮೇಲೆ ಮಗ್ಗುಲಾಗಿ ಮಲಗಿದ ನಾಯಿ ಬುಜ್ಜಿ, ಅದರ ಕಿವಿ ಸವರುತ್ತ ದುರ್ಗಾಂಬ, ಏಮಂಡೀ ಡಾಕ್ಟರ್ ಗಾರೂ, ಗುಂಡೆ ಸರಿಗ್ಗಾ ಲೇದಾ, ಹೃದಯ ಸರಿಯಿಲ್ಲವಾ ಅಂತ, ಇಲ್ಲಮ್ಮಾ, ಎದೆ ಗಟ್ಟಿಯಾಗಿದೆ ಎಂದು ಪ್ರತೀಕ್ಷಾ ತೆಲುಗಿನಲ್ಲೇ ಹೇಳಿದಳು, ಪ್ರತಿ ಎತ್ತರದ ಗೀಟಿನ ಮುಂದೆಯೂ ಅದರದೊಂದು ಪುಟ್ಟ ಉಬ್ಬು, ಒಂದೂ ತಪ್ಪಿಲ್ಲ, ಉಸಿರೆಳೆದರೆ ಬಡಿತ ಚುರುಕು, ಬಿಟ್ಟರೆ ನಿಧಾನ, ನಾಯಿಯ ಎದೆ ಇರುವುದೇ ಹೀಗೆ, ಗರ್ಭಕೋಶದಲ್ಲಿ ಕೀವು ತುಂಬಿದೆ, ಇವತ್ತೇ ಆಪರೇಷನ್ ಮಾಡೋಣ — ಎಷ್ಟು ಸಲೀಸಾಗಿ ಬಂತು ಮಾತು, ಹನ್ನೊಂದು ವರ್ಷದ ಹಿಂದೆ ವಿಶಾಖಪಟ್ಟಣದಲ್ಲಿ ಯಾಕೆ ಬರಲಿಲ್ಲ, ಅಲ್ಲಿನ ಆಂಟಿಯೊಬ್ಬರ ನಾಯಿ ಕೆಂಪಿಗೂ ಇದೇ ಕೀವು, ಇದೇ ಕಾಗದ, ಆಗಷ್ಟೇ ಡಿಗ್ರಿ ಮುಗಿಸಿದ್ದಳು, ಅದರ ಹಿಂದಿನ ತಿಂಗಳು ದಾವಣಗೆರೆಯಲ್ಲಿ ಅಪ್ಪನ ಇಸಿಜಿ ನೋಡಿದ ಡಾಕ್ಟರು ರೂಲು ಹಾಕಿ ಸಮವಾಗಿ ಗೀಟೆಳೆದ ಹಾಗಿದೆ ರೀ, ಏನೂ ತೊಂದರೆಯಿಲ್ಲ ಅಂದಿದ್ದರು, ಅದೇ ತಲೆಯಲ್ಲಿ ಕೂತಿತ್ತು, ಕೆಂಪಿಯ ಕಾಗದಕ್ಕೂ ಸ್ಕೇಲು ಹಿಡಿದಳು, ಅಂತರ ಸಮ ಇಲ್ಲ, ಸರಿ, ಕಾಯಿಲೆಯೇ, ಅರಿವಳಿಕೆ ಕೊಟ್ಟರೆ ಮೇಜಿನ ಮೇಲೇ ಹೋಗಿಬಿಡುತ್ತೆ ಆಂಟಿ, ಆಪರೇಷನ್ ಬೇಡ — ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸಿನ ಲೀಲಾವತಿ ಆಂಟಿ, ನಮ್ಮೂರ ಹುಡುಗಿ ಅಂತ ಭಾನುವಾರ ಕರೆದು ಅಕ್ಕಿರೊಟ್ಟಿ ಹಾಕುತ್ತಿದ್ದವರು, ನೀನು ಹೇಳಿದ ಮೇಲೆ ಮುಗೀತಮ್ಮಾ ಅಂದರು, ಡ್ರಿಪ್ಪು, ಮಾತ್ರೆ, ಒಂಬತ್ತು ದಿನ ಉಳಿಯಿತು ಕೆಂಪಿ, ಅಷ್ಟೇ, ವರ್ಷದ ಮೇಲೆ ಒಂದು ತರಬೇತಿಯಲ್ಲಿ ಕೆಂಪಿಯದರಂಥದೇ ಕಾಗದವನ್ನು ಗೋಡೆಯ ಮೇಲೆ ತೋರಿಸಿ, ಇದು ಆರೋಗ್ಯವಂತ ನಾಯಿ ಅಂದರು, ಅವತ್ತೇ ಹೇಳಬೇಕಿತ್ತು, ಹೇಳಲಿಲ್ಲ, ನಿನ್ನೆ ಫೋನಿನಲ್ಲೂ ಆಂಟಿಯದು ಅದೇ, ನೀನಿದ್ದೆ ಅಂತ ಕಣಮ್ಮಾ ನಮ್ಮ ಕೆಂಪಿಗೆ ಕತ್ತರಿ ಬೀಳಲಿಲ್ಲ, ಡಾಕ್ಟ್ರು ಅಂದ್ರೆ ಪ್ರತೀಕ್ಷಾ ಅಂತಾರೆ ನಮ್ಮನೆಯವ್ರು, ಅಯ್ಯೋ ಇರಲಿ ಬಿಡಿ ಆಂಟಿ ಎಂದು ನಕ್ಕಳಲ್ಲ, ಹೇಗೆ ನಕ್ಕಳು — ಈಗಲಾದರೂ, ಕೈ ತೊಳೆಯುವ ಮೊದಲು, ಫೋನಿನಲ್ಲಿ ಆಂಟಿಯ ಹೆಸರು ಹುಡುಕಿ ತೆಗೆದಳು, ಒತ್ತಿದರಾಯಿತು, ಬೆರಳು ನಿಂತಿದೆ, ಓದಿದ್ದು ಸಾಲದಿತ್ತು ಆಂಟಿ ಅನ್ನಬಹುದು, ಆದರೆ ಅದೂ ನಿಜವಲ್ಲ, ಅವತ್ತು ಗೊತ್ತಿದ್ದವರು ಅಲ್ಲೇ ಇದ್ದರು, ಕಾಗದದ ಕಡೆ ನೋಡದೆ ನೆಲದ ಮೇಲೆ ಕೂತು ಕೆಂಪಿಯ ಪಕ್ಕೆಗೆ ಅಂಗೈ ಇಟ್ಟುಕೊಂಡು, ಅಲ್ವೇ ಪ್ರತೀಕ್ಷಾ, ಉಸಿರು ಎಳ್ಕೊಂಡಾಗ ಜೋರು, ಬಿಟ್ಟಾಗ ನಿಧಾನ, ಮರಿಯಾಗಿದ್ದಾಗಿಂದ್ಲೂ ಹಿಂಗೇ ಕಣೇ ಇದು — ಸುಮ್ನಿರಿ ಆಂಟಿ, ಓದಿರೋಳು ನಾನಾ ನೀವಾ — ಆಂಟಿ ಕೈ ಮಾತ್ರ ತೆಗೆಯಲಿಲ್ಲ, ಆ ಕೈ, ಹಸಿರು ಬಳೆಯ ಆ ಕೈ, ನಾಯಿಯ ಪಕ್ಕೆಯ ಮೇಲೆ ಏರುತ್ತ, ಇಳಿಯುತ್ತ, ಏರುತ್ತ