ಟೆಂಡರ್ ದಿನ ನೋಡಿದ ಮನೆ

ಶೇಖವ್ವನ ಮಹಡಿಯ ಮೇಲಿನ ಒಂದು ಬೆಡ್‌ರೂಮಿನ ಮನೆಯಿಂದ ಬ್ಯಾಡಗಿ ಬಸ್ ನಿಲ್ದಾಣಕ್ಕೆ ಏಳು ನಿಮಿಷದ ನಡಿಗೆ. ದುರ್ಗೇಶ ಎರಡು ಸಲ ನಡೆದು ಗಡಿಯಾರ ನೋಡಿದ್ದ. ಕಿರಾಣಿ ಅಂಗಡಿ ಎದುರಿಗೇ ಇತ್ತು, ಹಿಟ್ಟಿನ ಗಿರಣಿ ಓಣಿಯ ತಿರುವಿನಲ್ಲಿ. ಗಾಡಿ ಇಲ್ಲದ ಇಬ್ಬರಿಗೆ ಇದಕ್ಕಿಂತ ಅನುಕೂಲದ ಜಾಗ ಸಿಗುವುದು ಕಷ್ಟವಿತ್ತು.

ಅವನು ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಮೊಳಕೆ ಪರೀಕ್ಷೆ ಮಾಡುತ್ತಾನೆ. ಹೆಂಡತಿ ಅರುಣಾ ಹಾವೇರಿಯಲ್ಲಿ ರಕ್ತ ತಪಾಸಣೆಯ ಲ್ಯಾಬಿನಲ್ಲಿದ್ದಾಳೆ. ಮದುವೆಯಾಗಿ ಎಂಟು ತಿಂಗಳಾಗಿದ್ದರೂ ಅವನು ಹಲಗೇರಿಯ ಮನೆಯಿಂದ, ಅವಳು ಕರ್ಜಗಿಯ ತವರಿನಿಂದ ಕೆಲಸಕ್ಕೆ ಹೋಗಿಬರುತ್ತಿದ್ದರು. ಒಟ್ಟಿಗೆ ಇರುತ್ತಿದ್ದದ್ದು ಭಾನುವಾರ ಮಾತ್ರ. ಬ್ಯಾಡಗಿಯಲ್ಲಿ ಮನೆಯಾದರೆ ಬೆಳಿಗ್ಗೆ ಒಬ್ಬರು ಈ ಕಡೆಯ ಬಸ್ಸು, ಒಬ್ಬರು ಆ ಕಡೆಯ ಬಸ್ಸು ಹಿಡಿದರೂ ಸಂಜೆಗೆ ಒಂದೇ ಬಾಗಿಲು.

ಜನವರಿಯ ಒಂದು ಭಾನುವಾರ ಅಡ್ವಾನ್ಸ್ ಕೊಡಲು ಹೋದಾಗ ಶೇಖವ್ವ ಕೈ ಚಾಚಲಿಲ್ಲ.

“ನೀವು ಬಂದದ್ದೆಲ್ಲಾ ಐತವಾರ,” ಎಂದಳು. “ಅವತ್ತ ಮಾರ್ಕೆಟ್ ಬಂದ್ ಇರ್ತೈತಿ. ಸೋಮವಾರ ಮೆಣಸಿನಕಾಯಿ ಹರಾಜು, ಟೆಂಡರ್ ದಿನ ಬರ್ರಿ. ಮುಂಜಾನಿಂದ ಹೊತ್ತ ಮುಣಗೂತನ ಮ್ಯಾಲೆ ಕುಂದ್ರಿ. ಆಮ್ಯಾಲೆ ಮಾತಾಡೂಣು.”

“ಯಾಕ್ರಿ ಅವ್ವಾರ?” ಅರುಣಾ ಕೇಳಿದಳು.

“ಮೆಣಸಿನಕಾಯಿ ಘಾಟಿಗೆ ಇಬ್ಬರು ಬಿಟ್ಟು ಹೋದ್ರು. ಒಬ್ಬಾಂವ ಹೇಳಲಾರ್ದ ಹೋದ. ಬೆಳಗಾದ್ರ ಬಾಗಲಾ ತೆರದ ಬಿದ್ದಿತ್ತು.”

“ಬ್ಯಾಡಗಿ ಕಾಯಿ ಖಾರ ಕಡಿಮಿ ಅಂತಾರಲ್ರಿ,” ಎಂದ ದುರ್ಗೇಶ.

“ಅದನ್ನ ಬಾಯಿಗೆ ಹೇಳಪಾ, ಮೂಗಿಗೆ ಹೇಳಬ್ಯಾಡ.”

“ಹಗಲೆಲ್ಲಾ ನಾವು ಕೆಲಸದ ಮ್ಯಾಲೆ ಹೋಗಿರ್ತೇವ್ರಿ.”

“ನೀವು ಬರೂದರಾಗ ಅದು ನಿಮ್ಮ ಹಾಸಿಗಿ ಮ್ಯಾಲೆ ಕುಂತಿರ್ತೈತಿ.”

ಮುಂದಿನ ಸೋಮವಾರ ಇಬ್ಬರೂ ರಜೆ ಹಾಕಿ ಒಂಬತ್ತಕ್ಕೇ ಬಂದರು. ಮಾರ್ಕೆಟ್ ಇದ್ದದ್ದು ಮೂರು ಓಣಿ ಆಚೆ. ಹನ್ನೊಂದರ ಹೊತ್ತಿಗೆ ಗಾಳಿ ಈ ಕಡೆ ತಿರುಗಿತು. ಅರುಣಾ ಆರು ಸಲ ಸೀನಿದಳು. ಒಗ್ಗರಣೆ ಚಟಪಟ ಅಂದರೆ ಸಾಕು, ಅಡುಗೆಮನೆ ಬಿಟ್ಟು ಓಡುವ ದುರ್ಗೇಶ ಒಂದು ಸಲವೂ ಸೀನಲಿಲ್ಲ. ಗೋಡೆಗೆ ಒರಗಿ ಮುಗುಳ್ನಗುತ್ತಿದ್ದ. ಆಮೇಲೆ ಕೇಳಿದ್ದಕ್ಕೆ ತಡವಾಗಿ ಉತ್ತರ ಕೊಡತೊಡಗಿದ. ಹನ್ನೆರಡಕ್ಕೆ ಬಾಯಿ ತೆರೆದು ನಿದ್ದೆ ಹೋಗಿದ್ದ.

ಶೇಖವ್ವ ರೊಟ್ಟಿ ಹಿಡಿದು ಮೇಲೆ ಬಂದಳು. “ಈ ಘಾಟಿನ್ಯಾಗ ನಿದ್ದಿ! ಇಂಥಾ ಮೂಗು ನಾ ನೋಡೇ ಇಲ್ಲ. ಮನಿ ನಿಮಗಾತು ಬಿಡ್ರಿ.”

ಅವನ ಅಂಗಿಯ ಕಿಸೆಯಿಂದ ಮಾತ್ರೆಯ ಪಟ್ಟಿ ಇಣುಕುತ್ತಿದ್ದುದನ್ನು ಅರುಣಾ ಆಗಲೇ ನೋಡಿದ್ದಳು. ಎರಡು ಗುಳಿಗೆ ಖಾಲಿಯಾಗಿದ್ದವು. ಈಗ ಸುಮ್ಮನೆ ಇದ್ದರೆ ಸಾಕಿತ್ತು.

ಅವಳು ಪಟ್ಟಿ ತೆಗೆದು ಶೇಖವ್ವನ ಕೈಗೆ ಕೊಟ್ಟಳು. “ಸೀನು ಬರಬಾರ್ದಂತ ಇವನ್ನ ತಗೊಂಡಾರ್ರಿ. ಇದರಿಂದ ನಿದ್ದಿ ಬರ್ತೈತಿ.”

ಶೇಖವ್ವ ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. “ಹೇಳಂತ ನಿನಗ ಯಾರ ಅಂದಿದ್ರು? ಮನಿ ಸಿಕ್ಕಿತ್ತಲ್ಲ.”

“ಸಿಕ್ಕಿತ್ರಿ. ದಿನಾ ಎರಡು ನುಂಗಿ ಇವರು ಮಲಗಿಬಿಟ್ರ ನಾ ಯಾರ ಜೋಡಿ ಮಾತಾಡ್ಲಿ? ಅದಕ್ಕ ಅಲ್ಲೇನ್ರಿ ನಾವು ಮನಿ ಹುಡುಕಾಕತ್ತಿದ್ದು?”

ಶೇಖವ್ವ ನಗಲು ಹೋಗಿ ಸೀನಿದಳು. ಮೂಗು ಒರೆಸಿಕೊಂಡು ಮತ್ತೆ ಎರಡು ಸಲ ಸೀನಿದಳು.

“ಲಗ್ನಾಗಿ ಈ ಓಣಿಗೆ ಬಂದು ನಲವತ್ತೊಂದು ವರ್ಷ ಆತು. ಇನ್ನೂ ಹಿಂಗ. ಸೀನವರು ಬ್ಯಾಡ ಅಂತ ನಾ ಎಲ್ಲಿ ಅಂದೇನಿ? ಘಾಟು ನೋಡಿ ಒಪ್ಪಿದವರು ಬೇಕು, ಅಷ್ಟ.”

ಅವಳು ಕೆಳಗಿಂದ ಹಳೆಯ ಸೀರೆಯ ತುಂಡೊಂದನ್ನು ಒದ್ದೆ ಮಾಡಿ ತಂದಳು. ಮಾರ್ಕೆಟ್ ಕಡೆಯ ಕಿಟಕಿಗೆ ಇದನ್ನು ಕಟ್ಟಬೇಕು, ಒಣಗಿದಾಗೊಮ್ಮೆ ನೀರು ಚಿಮುಕಿಸಬೇಕು. ಮಲಗುವ ಕೋಣೆ ಹಿಂದುಗಡೆ ಇದೆ, ಅದರ ಬಾಗಿಲು ಮುಚ್ಚಿಯೇ ಇರಲಿ ಎಂದಳು.

ನಾಲ್ಕಕ್ಕೆ ದುರ್ಗೇಶ ಎಚ್ಚರಾದ. “ನಾ ಸೀನ್ಲಿಲ್ಲ, ಅಲಾ?”

“ಸೀನಿಲ್ಲಪಾ,” ಎಂದಳು ಶೇಖವ್ವ. “ಗೊರಕಿ ಹೊಡದಿ. ಕಿರಾಣಿ ಅಂಗಡ್ಯಾಂವ ಬಂದು ವಿಚಾರಿಸಿ ಹೋದ.”

ಅವನು ಅರುಣಾಳ ಮುಖ ನೋಡಿದ, ಅವಳ ಪಕ್ಕದಲ್ಲಿ ಬಿದ್ದಿದ್ದ ಮಾತ್ರೆಯ ಪಟ್ಟಿ ನೋಡಿದ.

“ಏಳ್ರಿ, ಆ ತುದಿ ಹಿಡೀರಿ,” ಎಂದು ಅರುಣಾ ಮತ್ತೆ ಒದ್ದೆ ಮಾಡಿದ ಸೀರೆಯ ತುಂಡು ಕೊಟ್ಟಳು. ಅವನು ಸರಳಿಗೆ ಎರಡನೆಯ ಗಂಟು ಹಾಕುವಾಗ ಸೀನು ಬಂತು. ಗಂಟು ಬಿಚ್ಚಿಹೋಯಿತು. ಇನ್ನೊಂದು ಬಂತು. ಅರುಣಾ ಎಣಿಸತೊಡಗಿದಳು. ಶೇಖವ್ವ ಕೀಲಿಕೈ ತರಲು ಕೆಳಗಿಳಿದಳು.