ತಂಬಿಗೆಯ ಮೇಲಿನ ಹೆಸರು

ಹಾಳೆಗಳು ಹಾರುತ್ತಲೇ ಇವೆ, ಪರದೆಯ ಮೇಲೆ ಒಂದು ಹಳದಿ ಪೆಟ್ಟಿಗೆಯಿಂದ ಇನ್ನೊಂದಕ್ಕೆ, ನೀಲಿ ಪಟ್ಟಿ ಇನ್ನೂ ಅರ್ಧ, ಗುರುಬಾಯಿಯ ತೊಡೆಯ ಮೇಲೆ ಲ್ಯಾಪ್‌ಟಾಪ್ ಕಾದ ಹಂಚಿನಂತೆ — ಹನ್ನೊಂದು ಗಂಟೆಗೆ ಸಂಸ್ಥೆಗೆ ಮರಳಿಸಬೇಕು, ತೊಂಬತ್ತೊಂಬತ್ತನೇ ಇಸವಿಯ ಆರೋಗ್ಯ ಸಮೀಕ್ಷೆ ಮುಗಿಯಿತು, ಜೇವರ್ಗಿಯ ಕೆಲಸವೂ ಮುಗಿಯಿತು, ಪಡಸಾಲೆಯಲ್ಲಿ ಮೇಲ್ವಿಚಾರಕ ಬಸವಂತರಾಯ ಬಸಿಯಿಂದ ಚಹಾ ಹೀರುವ ಸದ್ದು, ನಿಂಬೆವ್ವನ ಗಂಡನ ಅಣ್ಣ ಅವನು, ಓಡಿಹೋದ ಹೆಂಡತಿಯನ್ನು ಹುಡುಕೆಂದು ತಮ್ಮನ ಕೈಗೆ ಕೊಡಲಿ ಕೊಟ್ಟವನೂ ಅವನೇ ಎಂದು ನೆಲೋಗಿ ಊರಿಗೆಲ್ಲ ಗೊತ್ತು, ಆ ನಿಂಬೆವ್ವ ಊರು ಬಿಡುವ ದಿನ ಇದೇ ಮಂಚದ ತುದಿಗೆ ಕೂತು, ಸುಟ್ಟ ಬೆನ್ನು ಗೋಡೆಗೆ ತಾಗದಂತೆ ಬಾಗಿ, ಎಲ್ಲಾ ಬರ್ಕೋ ಅಕ್ಕಾ, ನಾ ಸತ್ರ ಯಾರಿಗಾರ ಗೊತ್ತಿರ್ಲಿ ಅಂದಿದ್ದಳು, ಗುರುಬಾಯಿ ಇದೇ ಲ್ಯಾಪ್‌ಟಾಪಿನಲ್ಲಿ ಬರೆದುಕೊಂಡಳು, ಗಾಯ, ದಿನಾಂಕ, ಆಳಂದದಲ್ಲಿ ಹೊಲಿಗೆಯ ಹಮೀದಾಬೇಗಂ ಮನೆಯಲ್ಲಿ ಅಡಗಿರುತ್ತಾಳೆಂಬುದನ್ನೂ — ಅದನ್ನೇಕೆ ಬರೆದಳು, ಕಾಲೇಜು ಕಲಿತವಳ ಚಟ, ಏನೂ ಬಿಟ್ಟುಹೋಗಬಾರದು, ಆ ಕಡತವನ್ನು ನಿನ್ನೆ ಕೊನೆಯ ಸಲ ತೆರೆದು ಓದಿ ಅಳಿಸಿದಳು, ಕಸದ ಬುಟ್ಟಿಯನ್ನೂ ಖಾಲಿ ಮಾಡಿದಳು, ಆದರೆ ಕಂಪ್ಯೂಟರ್ ಕಲಿಸುವ ಚಾಂದಪಾಶಾ ಹೇಳಿದ್ದ, ಅಳಿಸಿದ್ದು ಹೋಗಂಗಿಲ್ರಿ ಬಾಯಿ, ಅಲ್ಲೇ ಕುಂತಿರ್ತದ, ಅದರ ಮ್ಯಾಲೆ ಬ್ಯಾರೆ ತುಂಬ್ರಿ, ಜಾಗಾನೇ ಉಳೀಬಾರ್ದು, ಆಗ ಅವ್ವ ನೆನಪಾದಳು, ಅಫಜಲಪುರದ ಓಣಿಯಲ್ಲಿ ಯಾರ ತಂಬಿಗೆಯನ್ನೂ ಬರಿದಾಗಿ ಮರಳಿಸದ ಅವ್ವ, ಒಂದು ಹಿಡಿ ಜೋಳವಾದರೂ ಹಾಕಿ, ಬರೇದು ಕೊಡಬಾರ್ದವ್ವಾ, ಮನಿಗಿ ಛಲೋ ಅಲ್ಲ, ಹಾಗೆಯೇ ಬೆಳಗಿನಿಂದ ತುಂಬುತ್ತಿದ್ದಾಳೆ, ಸಮೀಕ್ಷೆಯ ಕೋಷ್ಟಕಗಳನ್ನೇ ನಕಲಿನ ಮೇಲೆ ನಕಲು, ಅವ್ವ ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕುತ್ತಿದ್ದ ಮನೆಯ ತಂಬಿಗೆ, ಸಂತೆಯಲ್ಲಿ ಹಳೆಯದು ಕೊಂಡದ್ದು, ಹೊಟ್ಟೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆದ ಯಾರದೋ ಹೆಸರು, ತಿಕ್ಕಿದಷ್ಟೂ ಹೊಳೆಯುತ್ತಿತ್ತು — ಏನ್ ಬೇ ಗುರುಬಾಯಿ, ಬಾಗಿಲಲ್ಲಿ ಬಸವಂತರಾಯ, ಮಿಷಿನ್ ಕೊಡ್ತಿಯೋ, ಕನ್ಯಾ ತೋರ್ಸಾಕ ಸಿಂಗಾರ ಮಾಡಾಕತ್ತೀಯೋ, ನಗುತ್ತಾನೆ, ಅವಳೂ ನಕ್ಕಳು, ಆಯ್ತ್ರಿ ಸರ, ಒಂದೇ ನಿಮಿಷ, ನೀಲಿ ಪಟ್ಟಿ ತುಂಬಿತು, ಇನ್ನು ಜಾಗವಿಲ್ಲ ಎಂದಿತು ಪರದೆ, ಎದೆಯ ಮೇಲಿನ ಕಲ್ಲು ಇಳಿಯಿತು, ಕೊಟ್ಟಳು, ಅವನು ಅಲ್ಲೇ ಮಂಚದ ತುದಿಗೆ ಕೂತ, ನಿಂಬೆವ್ವ ಕೂತಿದ್ದಲ್ಲಿ, ನಮೂನಿ ಎಲ್ಲಾ ಅದಾವಿಲ್ಲ ನೋಡ್ತೇನಿ, ಈಚೆಗೆ ತೆರೆದ ಕಡತಗಳ ಪಟ್ಟಿ ಬಿಚ್ಚಿದ — ಆ ಪಟ್ಟಿ, ಅದನ್ನು ಅವಳು ಮುಟ್ಟಿಯೇ ಇಲ್ಲ, ಕಡತ ಹೋದರೂ ಹೆಸರು ಅಲ್ಲಿ ಉಳಿಯುತ್ತದೆ, ಪ್ರತಿಯೊಂದು ಕಡತಕ್ಕೂ ಆಯಾ ಹೆಂಗಸಿನ ಹೆಸರು, ಊರು ಎರಡೂ ಸೇರಿಸಿ ಹೆಸರಿಟ್ಟವಳು ಅವಳೇ, ಅವನ ಬೆರಳು ಸಾಲು ಸಾಲಾಗಿ ಇಳಿಯುತ್ತಿದೆ, ನಿಂಬೆವ್ವ ಆಳಂದ, ಬೆರಳು ನಿಂತಿತು, ನಗು ನಿಂತಿತು, ತಂಬಿಗೆಯೊಳಗೆ ಹಿಡಿ ಜೋಳ, ಹೊಟ್ಟೆಯ ಮೇಲೆ ಚುಕ್ಕೆ, ಚುಕ್ಕೆ, ಚುಕ್ಕೆ