ಹೇಗೂ ಗೆಲ್ಲುವವರು

ಐದು ಸ್ಥಾನಕ್ಕೆ ಆರು ಜನ ನಿಂತದ್ದೇ ಸೋಫಿಯಾ ಬಾಯಿಯ ನಿದ್ದೆ ಕೆಡಿಸಿತು. ಕಾಪು ಹತ್ತಿರದ ಆ ಹಾಲಿನ ಸೊಸೈಟಿಯಲ್ಲಿ ಓಟು ಎಂಬುದೇ ನಡೆದಿರಲಿಲ್ಲ. ಪ್ರತಿ ಸಲ ಹೆಚ್ಚಾದವರ ಕೈಕಾಲು ಹಿಡಿದು ನಾಮಪತ್ರ ಹಿಂದೆ ತೆಗೆಸುವುದು, ಆಮೇಲೆ ‘ಅವಿರೋಧ ಆಯ್ಕೆ’ ಎಂದು ಎದೆಯುಬ್ಬಿಸಿ ತಿರುಗುವುದು ಊರಿನ ಕ್ರಮ. ಈ ಸಲ ಯಾರೂ ಜಗ್ಗಲಿಲ್ಲ.

ಗುಡ್ಡೆಯ ಮೇಲಿನ ಹಾಲು ಸಂಗ್ರಹ ಕೇಂದ್ರ ಮುಚ್ಚಬೇಕು, ಎಲ್ಲರೂ ಹೆದ್ದಾರಿ ಬದಿಯ ಡೈರಿಗೇ ಬರಲಿ ಎಂದು ಗುರುಪ್ರಸಾದ್ ಹಟ ಹಿಡಿದಿದ್ದ. ಕೂಡದು ಎಂದವರು ಗುಡ್ಡೆಯ ಮೇಲೇ ಮನೆಯಿರುವ ದಾಮೋದರಣ್ಣ. ಉಳಿದ ನಾಲ್ವರಲ್ಲಿ ಇಬ್ಬರು ಅತ್ತ, ಇಬ್ಬರು ಇತ್ತ. ಸೋಲುವ ಆ ಒಬ್ಬರು ಯಾರು ಎಂಬುದರ ಮೇಲೆ ಕೇಂದ್ರದ ಹಣೆಬರಹ ನಿಂತಿತ್ತು. ಸೋಫಿಯಾಳ ಎರಡು ಹಸುಗಳದ್ದೂ. ಅವಳ ಮನೆ ಗುಡ್ಡೆಯ ನೆತ್ತಿಯಲ್ಲಿ. ಮಂಡಿನೋವಿನಲ್ಲಿ ಕ್ಯಾನು ಹೊತ್ತು ಹೆದ್ದಾರಿಗೆ ಇಳಿಯುವುದೆಂದರೆ ಹಸು ಮಾರುವುದೇ ವಾಸಿ.

ಹಾಗಿದ್ದರೆ ಮುಚ್ಚುವವರಲ್ಲಿ ಒಬ್ಬರನ್ನು ಬಿಟ್ಟರಾಯಿತು, ಇದರಲ್ಲಿ ತಲೆ ಕೆಡಿಸಿಕೊಳ್ಳುವುದು ಎಂತದ್ದು ಎನ್ನಬಹುದು. ಹೇಳುವವರಿಗೆ ಸುಲಭ. ಬೇಸಿಗೆಯಲ್ಲಿ ಅವಳ ಕೊಡ ತುಂಬುವುದು ಗುರುಪ್ರಸಾದನ ಬಾವಿಯಿಂದ. ಅವನ ಕಡೆಯ ಪೀಟರ್ ಅವಳ ಗಂಡನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು. ಅದೇ ಕಡೆಯ ಭಾವನಾ ತನ್ನ ಕಾರಿನಲ್ಲಿ ಮಣಿಪಾಲದ ಆಸ್ಪತ್ರೆಗೆ ಕರೆದೊಯ್ದವಳು. ಆರೂ ಜನ ಮನೆಗೆ ಬಂದು ಕೈಮುಗಿದಿದ್ದರು. ಆರೂ ಜನರಿಗೆ ಚಾ ಕೊಟ್ಟು, “ನಿಮಗಲ್ಲದೆ ಮತ್ಯಾರಿಗೆ?” ಎಂದಿದ್ದಳು ಈ ಮಹಾತಾಯಿ.

ಓಟಿನ ದಿನ ಪರದೆಯ ಹಿಂದೆ ಮುದ್ರೆ ಹಿಡಿದು ಆರೂ ಹೆಸರುಗಳನ್ನು ಮತ್ತೆ ಮತ್ತೆ ಓದಿದಳು. ಐದಕ್ಕಿಂತ ಹೆಚ್ಚು ಒತ್ತಿದರೆ ಓಟೇ ಹಾಳು. ಯಾರನ್ನು ಬಿಡುವುದು? ಹೊರಗೆ ಸಾಲಿನಲ್ಲಿದ್ದವರು ಕೆಮ್ಮಿದರು. ಆಗ ಹೊಳೆಯಿತು: ದಾಮೋದರಣ್ಣ! ಯಾರ ಹಸು ಕರು ಹಾಕುವಾಗಲೂ ಓಡಿಬರುವ ಮನುಷ್ಯ, ಅವರಿಗೆ ಊರೇ ಓಟು ಹಾಕುತ್ತದೆ. ತನ್ನದೊಂದು ಇಲ್ಲದಿದ್ದರೆ ಅವರಿಗೆ ಏನೂ ಆಗದು. ಉಳಿದ ಐವರಿಗೆ ಒತ್ತಿ ಹೊರಗೆ ಬಂದಳು. ಆದರೂ ಕಾಲು ಒಂದು ಕಡೆ ನಿಲ್ಲಲಿಲ್ಲ. ಎಣಿಕೆ ಮುಗಿಯುವವರೆಗೂ ಸೊಸೈಟಿಯ ಅಂಗಳದಲ್ಲೇ ಸುತ್ತಿದಳು.

ದಾಮೋದರಣ್ಣ ಸೋತರು. ಐದನೆಯವನಾಗಿ ಗೆದ್ದ ಗುರುಪ್ರಸಾದನಿಗಿಂತ ಒಂದೇ ಓಟು ಕಡಿಮೆ.

“ಅವರು ಹೇಗೂ ಬರ್ತಾರೆ ಅಂತ ನಾನು ಬಿಟ್ಟದ್ದು ಮಾರಾಯ್ತಿ!” ಬಾಗಿಲಲ್ಲಿ ಒಬ್ಬಳು ಪಿಸುಗುಟ್ಟಿದಳು.

“ನಾನೂ ಹಾಗೇ,” ಎಂದಳು ಇನ್ನೊಬ್ಬಳು.

ದಾಮೋದರಣ್ಣ ಸ್ಕೂಟರಿನ ಹತ್ತಿರ ಬಂದರು. ಅವಳನ್ನು ಕಂಡು ನಗಲು ನೋಡಿದರು.

“ತಪ್ಪು ನನ್ನದೇ, ಬಾಯಮ್ಮ. ನನಗೆ ನಾನೇ ಓಟು ಹಾಕಿಕೊಳ್ಳಲು ನಾಚಿಕೆ ಆಯಿತು. ಗುಡ್ಡೆಯವರು ನೀವೆಲ್ಲ ಇದ್ದೀರಲ್ಲ ಅಂದುಕೊಂಡೆ.”

ಅವರು ತಪ್ಪನ್ನು ತಮ್ಮ ತಲೆಗೇ ಕಟ್ಟಿಕೊಳ್ಳುವುದನ್ನು ಅವಳಿಂದ ನೋಡಲಾಗಲಿಲ್ಲ.

“ನಾನು ನಿಮಗೆ ಹಾಕಲಿಲ್ಲ, ದಾಮೋದರಣ್ಣ.”

ಅವರ ನಗು ಹೋಗಿತ್ತು. ಹೆಲ್ಮೆಟ್ ಹಾಕಿಕೊಂಡು, ಗಾಡಿ ಚಾಲೂ ಮಾಡಿ, ಅವಳ ಮುಖ ನೋಡದೆ ಹೇಳಿದರು:

“ಕೇಂದ್ರ ಮುಚ್ಚಿದ ಮೇಲೆ ಕ್ಯಾನು ನಿಮ್ಮ ಗೇಟಿನ ಹತ್ತಿರ ಇಡಿ. ನಾನು ಹೇಗೂ ಕೆಳಗೆ ಡೈರಿಗೆ ಬರ್ಲಿಕ್ಕುಂಟು.”